ಬಂದರಿನಲ್ಲಿ ಹ್ಯಾನಾಳ ಮಗ

ಪ್ರೀತಿಯ ಅಪ್ಪ,

ಈಗ ಎರಡೂಮುಕ್ಕಾಲು. ಕಿಟಕಿಯ ಎ.ಸಿ. ಗಡಗಡ ನಡುಗಿ ಒಮ್ಮೆಲೇ ನಿಂತಿತು, ಆ ಸದ್ದಿಗೆ ಎಚ್ಚರವಾಯಿತು. ಎಚ್ಚರವೇನು, ನಿದ್ದೆ ಬಂದಿದ್ದರೆ ತಾನೆ? ಇವರೂ ಚಿಕ್ಕವನೂ ಮಲಗಿರಲಿ ಎಂದು ಅಡುಗೆಮನೆಯ ದೀಪ ಹಾಕಿಕೊಂಡು ಬರೆಯುತ್ತಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ನನ್ನ ಪುಟ್ಟಿ ದೋಹಾದಲ್ಲಿರುತ್ತಾಳೆ, ಅಪ್ಪ. ಕೊನೆಗೂ ಅವಳ ವೀಸಾ ಆಯಿತು. ನೀನು ಹೋಗಿ ಒಂದು ತಿಂಗಳಾದ ಮೇಲೆ ಆಯಿತು.

ಭಾನುವಾರ ಮಧ್ಯಾಹ್ನ ಕೈತುತ್ತು ಹಾಕುತ್ತಾ ಹ್ಯಾನಾಳ ಕಥೆ ಹೇಳುತ್ತಿದ್ದೆಯಲ್ಲ, ನೆನಪಿದೆಯೆ? ಬೇರೆ ಮನೆಗಳಲ್ಲಿ ರಾಜಕುಮಾರಿಯ ಕಥೆ, ಹಿಸ್ಟರಿ ಮೇಷ್ಟ್ರಾದ ನಿನ್ನ ಮನೆಯಲ್ಲಿ ಹಳೇ ಕಾಲದ ಇಂಗ್ಲೆಂಡಿನ ಬಟ್ಟೆಗಳ್ಳಿಯ ಕಥೆ. ಅಂಗಡಿಯಿಂದ ಒಂದು ತುಂಡು ಹತ್ತಿ ಬಟ್ಟೆ ಕದ್ದದ್ದಕ್ಕೆ ಏಳು ವರ್ಷ ಆಸ್ಟ್ರೇಲಿಯಾಕ್ಕೆ ಗಡೀಪಾರು. “ಅಷ್ಟಕ್ಕೇನಾ?” ಎಂದು ತಮ್ಮ ರವಿ ಬಾಯಿ ಬಿಟ್ಟರೆ, “ನೀನು ದಿನಾ ಬೆಲ್ಲ ಕದಿಯೋದಕ್ಕೆ ನಿನ್ನೂ ಹಡಗು ಹತ್ತಿಸ್ತಿದ್ರು, ತಗೋ” ಎಂದು ತುತ್ತು ತುರುಕುತ್ತಿದ್ದೆ. ಹಾಲು ಕುಡಿಯುವ ಕೂಸನ್ನು ಮಾತ್ರ ಅವಳ ಜೊತೆ ಹಡಗಿಗೆ ಬಿಟ್ಟರು. ಐದು ವರ್ಷದ ಮಗನನ್ನು ಊರಿನ ಅನಾಥಾಲಯಕ್ಕೆ ಸೇರಿಸಿದರು. ಸಮುದ್ರದಲ್ಲಿ ಆ ಕೂಸು ಏನಾಯಿತೆಂದು ನೀನು ಎಂದೂ ಹೇಳಲಿಲ್ಲ. ತಾಯಿಯಾದ ಮೇಲೆ ಕೇಳುವ ಧೈರ್ಯ ನನಗೂ ಬರಲಿಲ್ಲ.

ಚಿಕ್ಕವನನ್ನು ಸೊಂಟದಲ್ಲಿಟ್ಟುಕೊಂಡು ನಾನು ಮೈಸೂರಿನಿಂದ ಹೊರಟ ದಿನ ಪುಟ್ಟಿ ನಿನ್ನ ಕಿರುಬೆರಳು ಹಿಡಿದು ಗೇಟಿನ ಹತ್ತಿರ ನಿಂತಿದ್ದಳು. ಇಲ್ಲಿ ಆಗ ನಮಗಿದ್ದದ್ದು ಒಂದೇ ಕೋಣೆ, ಶಾಲೆಯಲ್ಲಿ ಸೀಟೂ ಇರಲಿಲ್ಲ. “ಒಂದು ವರ್ಷ ತಾನೆ, ನಮ್ಮ ಹತ್ರ ಇರ್ಲಿ ಬಿಡೇ” ಅಂದೆ ನೀನು. ಆ ಕ್ಷಣ ನಮ್ಮಿಬ್ಬರಿಗೂ ಹ್ಯಾನಾ ನೆನಪಾಗಿದ್ದಳು, ಅಲ್ಲವಾ? ನಾನು ಕದ್ದವಳಲ್ಲ, ನನ್ನನ್ನು ಯಾರೂ ಅಟ್ಟಲಿಲ್ಲ, ನಾನೇ ಟಿಕೆಟ್ ಹಿಡಿದು ಹೊರಟವಳು. ಆದರೂ...

ವರ್ಷ ಎರಡಾಯಿತು. ರವಿ ನನ್ನನ್ನು ಅಕ್ಕ ಎನ್ನುವುದನ್ನು ಕೇಳಿ ಕೇಳಿ ಪುಟ್ಟಿಯೂ ಅಕ್ಕ ಎನ್ನತೊಡಗಿದಳು. ಅಮ್ಮ ಎಂದರೆ ಅವಳಿಗೆ ನನ್ನಮ್ಮ. ಪ್ರತಿ ಶುಕ್ರವಾರ ನನ್ನ ಫೋನ್ ಬಂದಾಗ ನೀನೊಬ್ಬನೇ “ಅಕ್ಕ ಅಲ್ಲ ಕಣೇ, ನಿಮ್ಮಮ್ಮ” ಎಂದು ತಿದ್ದುತ್ತಿದ್ದೆ. “ಹೂಂ, ಅಕ್ಕಮ್ಮ” ಎನ್ನುತ್ತಿದ್ದಳು. ನೀನು ನಗುತ್ತಿದ್ದೆ. ನಾನೂ ನಗುತ್ತಿದ್ದೆ, ಫೋನ್ ಇಡುವವರೆಗೆ.

ನೀನು ಹೋದೆಯೆಂದು ರವಿ ತಿಳಿಸಿದಾಗ ನಮ್ಮ ಪಾಸ್‌ಪೋರ್ಟುಗಳು ಇವರ ಆಫೀಸಿನಲ್ಲಿದ್ದವು. ದೇಶ ಬಿಟ್ಟು ಹೊರಡಲು ಕಂಪನಿ ಮಾಲೀಕನ ಸಹಿ ಬೇಕು, ಮಾಲೀಕ ಊರಲ್ಲಿಲ್ಲ. “ಬುಕ್ರಾ ಅಂದ್ರು ಕಣೇ, ನಾಳೆ ಆಗತ್ತೆ” ಎಂದು ಇವರು ದಿನಾ ಇಂಡಸ್ಟ್ರಿಯಲ್ ಏರಿಯಾದಿಂದ ಬಂದು ತಲೆ ತಗ್ಗಿಸಿ ಹೇಳುತ್ತಿದ್ದರು. ಬುಕ್ರಾ ಬರುವುದರೊಳಗೆ ವೈಕುಂಠ ಸಮಾರಾಧನೆಯೇ ಮುಗಿಯಿತು. ಹ್ಯಾನಾಳಿಗೆ ನಡತೆ ಚೆನ್ನಾಗಿದೆಯೆಂದು ಬಿಡುಗಡೆ ಚೀಟಿ ಕೊಟ್ಟರು, ಸ್ವಂತ ದುಡಿಯಬಹುದು, ಜಿಲ್ಲೆ ದಾಟುವಂತಿಲ್ಲ ಎಂದಿದ್ದೆಯಲ್ಲ. “ಅದೆಂಥಾ ಬಿಡುಗಡೆ?” ಎಂದು ಆಗ ನಾನು ವಾದ ಮಾಡಿದ್ದೆ. ಈಗ ಮಾಡುವುದಿಲ್ಲ.

ಕಥೆಯ ಕೊನೆಗೆ ಬರುವ ಹೊತ್ತಿಗೆ ನಮ್ಮ ತಟ್ಟೆಯೂ ಖಾಲಿಯಾಗಿರುತ್ತಿತ್ತು. ಅಧಿಕಾರಿಗಳ ಮನೆಯಲ್ಲಿ ಬಟ್ಟೆ ಒಗೆದು ಒಗೆದು ಕೈ ಸುಲಿದುಕೊಂಡವಳು, ಮಗನನ್ನು ಕಳಿಸಿಕೊಡಿ ಎಂದು ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಹಾಕಿದಳು. ಅವನು ಬಂದಿಳಿದಾಗ ಮೀಸೆ ಚಿಗುರಿತ್ತು. “ಅಮ್ಮನ ಗುರುತು ಸಿಕ್ತಾ?” ಎಂದು ನಾನು ಕೇಳಿದರೆ, “ಎಲ್ಲಿ ಸಿಗತ್ತೆ? ಇಲ್ಲಿ ಹ್ಯಾನಾ ಅನ್ನೋರು ಯಾರು ಅಂತ ಅವಳನ್ನೇ ಕೇಳ್ದ” ಎಂದು ಹೇಳಿ ನೀನು ಕೈ ತೊಳೆಯಲು ಎದ್ದುಬಿಡುತ್ತಿದ್ದೆ. ಅವಳು ಏನೆಂದಳು, ಅಪ್ಪ? ಒಂದು ಸಲವಾದರೂ ಹೇಳಬಾರದಿತ್ತೆ?

ನಿನ್ನೆ ಸಂಜೆ ರವಿ ಬೊಂಬಾಯಿಯಿಂದ ಫೋನ್ ಮಾಡಿದ. ಈಗ ಮುಂಬೈ ಎನ್ನಬೇಕಂತೆ. ಅವನೂ ಪುಟ್ಟಿಯೂ ಅಲ್ಲಿ ನೆಂಟರ ಮನೆಯಲ್ಲಿದ್ದಾರೆ. ರಜೆ ಮುಗಿಸಿ ವಾಪಸಾಗುತ್ತಿರುವ, ಇವರ ಸಹೋದ್ಯೋಗಿಯ ಹೆಂಡತಿಯ ಜೊತೆ ಪುಟ್ಟಿಯನ್ನು ಬೆಳಿಗ್ಗೆ ವಿಮಾನ ಹತ್ತಿಸುತ್ತಾನೆ. “ಅಕ್ಕ, ಬೈಬೇಡ. ಅಪ್ಪ ಹೋದ ದಿನ ಪುಟ್ಟಿ ತಾತ ಎಲ್ಲಿ ಅಂತ ಒಂದೇ ಹಟ ಹಿಡಿದ್ಲು. ತಾತ ದೋಹಾಗೆ ಹೋಗಿದಾರೆ ಅಂದ್ಬಿಟ್ಲು ಅಮ್ಮ. ಆಮೇಲೆ ನೀನು ಫೋನ್ ಮಾಡ್ದಾಗೆಲ್ಲ ಅವಳ ಕೈಗೆ ಕೊಡದೇ ಇದ್ದಿದ್ದು ಅದಕ್ಕೇ. ತಾತ ಅಲ್ಲಿದಾರೆ ಅಂತ್ಲೇ ಇಷ್ಟು ಖುಷಿಯಾಗಿ ಹೊರಟಿರೋದು.” ಅಷ್ಟರಲ್ಲಿ ಪುಟ್ಟಿ ಫೋನ್ ಕಿತ್ತುಕೊಂಡಳು.

“ಅಕ್ಕ, ತಾತಂಗೆ ಕೊಡು.”

“ತಾತ ಮಲಗಿದಾರೆ ಪುಟ್ಟಿ.” ನನ್ನ ಬಾಯಿಂದಲೇ ಬಂತು.

“ಎಬ್ಬಿಸ್ಬೇಡ. ಏರ್‌ಪೋರ್ಟಿಗೆ ತಾತನೇ ಬರ್ಬೇಕು ಅಂತ ಹೇಳು.”

ಏನು ಮಾಡಲಿ, ಅಪ್ಪ? ಅವಳು ಬಾಗಿಲಿನಿಂದ ಹೊರಗೆ ಬರುತ್ತಾಳೆ, ಕಣ್ಣು ನನ್ನನ್ನು ದಾಟಿ ನನ್ನ ಬೆನ್ನ ಹಿಂದೆ ನಿನ್ನನ್ನು ಹುಡುಕುತ್ತದೆ. ನಿಜ ಹೇಳಿದರೆ ತಾತನನ್ನು ಕಸಿದುಕೊಂಡವಳು ನಾನಾಗುತ್ತೇನೆ. ಹೇಳದಿದ್ದರೆ ನಾಳೆ, ನಾಳಿದ್ದು... ಅವಳು ನಂಬುವುದು ನಿನ್ನ ಮಾತೊಂದನ್ನೇ. ಹೋದವರು ಫೋನ್ ಮಾಡುವುದಿಲ್ಲವೆಂದು ಗೊತ್ತು, ಬಿ.ಎ. ಓದಿಸಿದ್ದೀಯಲ್ಲ. ಆದರೂ ಕೇಳುತ್ತಿದ್ದೇನೆ. ನನಗೆ ಮಾಡಬೇಡ, ನಾನು ಹೇಗೋ ತಡೆದುಕೊಳ್ಳುತ್ತೇನೆ. ಅವಳು ಮಲಗಿರುವ ಮನೆಗೆ ಮಾಡು. ಬೆಳಕು ಹರಿಯುವ ಮುಂಚೆ, ರವಿ ಅವಳಿಗೆ ಷೂ ಹಾಕುವ ಮುಂಚೆ. ತಾತ ಅಲ್ಲಿಲ್ಲ ಮರಿ, ಅಲ್ಲಿರೋದು ನಿಮ್ಮಮ್ಮ ಅಂತ ಹೇಳು. ಅಷ್ಟು ಹೇಳಿ ಇಟ್ಟುಬಿಡು, ಅಪ್ಪ. ಒಂದೇ ಒಂದು ಸಲ ಫೋನ್ ಮಾಡು.

ನಿನ್ನ ಶೈಲು