ದೋಣಿ ಹೊರಗಿರುವಾಗ

ಮೇ 11
ಚಹಾ ಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಏ ಪಾನಿಕಾ, ಇದೇನೇ, ಪಾತ್ರೆ ತೊಳೆದ ನೀರಾ?" — ಪಿಸುಮಾತಿನಲ್ಲೇ. ದೋಣಿ ಸಮುದ್ರದಲ್ಲಿರುವಾಗ ಮನೆಯಲ್ಲಿ ಯಾರೂ ದನಿ ಎತ್ತಬಾರದು, ಎತ್ತಿದರೆ ಕಡಲು ಕೆರಳುತ್ತದೆ. ನಾನು ತಿರುಗಿ ಅನ್ನುವ ಹಾಗಿಲ್ಲ, ಅದು ಅತ್ತೆಗೆ ಗೊತ್ತು.

ನನಗೋ ಗಂಡನ ಮೇಲೆ ಹೇಳಲಾರದಷ್ಟು ಸಿಟ್ಟು. ಹಿಮ ಬೇಗ ಕರಗಿ ಬೇಟೆಯ ವಾಲ್ರಸ್‌ಗಳೆಲ್ಲ ದೂರ ಹೋಗಿವೆ. ಗಡಿ ಕಡೆ ಹೋಗಬೇಡಿ, ಆಚೆ ರಷ್ಯಾದ ಯುದ್ಧನೌಕೆಗಳು ತಿರುಗುತ್ತಿವೆ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಇವರೂ ಮೈದುನನೂ ದೋಣಿಗೆ ಸಾಮಾನು ಹೇರಿಬಿಟ್ಟಿದ್ದರು. ಹೇರಿದ ಮೇಲೆ ಜಗಳವಿಲ್ಲ. ನುಂಗಿಕೊಂಡೆ.

ಮೇ 12, ಸಂಜೆ
ಮಂಜು. ಉಳಿದ ದೋಣಿಗಳೆಲ್ಲ ಬಂದವು. ನಮ್ಮದಿಲ್ಲ. ಕೋಸ್ಟ್ ಗಾರ್ಡ್‌ಗೆ ಫೋನ್ ಮಾಡಿದೆ. ಹುಡುಕುತ್ತೇವೆ, ಗಡಿಯವರೆಗೆ ಮಾತ್ರ ಎಂದರು. "ಸ್ವಲ್ಪ ಗಟ್ಟಿಯಾಗಿ ಮಾತಾಡಿ ತಾಯಿ, ಕೇಳಿಸ್ತಿಲ್ಲ." ಹೇಗೆ ಮಾತಾಡಲಿ?

ಚಹಾ ಚೆನ್ನಾಗಿದೆ ಎಂದರು ಅತ್ತೆ. ಆಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು.

ಮೇ 15
ಮಂಜು ಸರಿಯಿತು, ಆಚೆ ದಡದ ಬೆಟ್ಟಗಳು ಕಂಡವು. ವೈರ್‌ಲೆಸ್ ಹಿಡಿದು ಗುಡ್ಡ ಹತ್ತಿದೆ. ಬರೀ ಗರಗರ... ಆಮೇಲೆ, ಎರಡೂ ದಡದ ನಮ್ಮ ಜನ ಆಡುವ ಯೂಪಿಕ್ ಮಾತಿನಲ್ಲೇ — "ಅಕ್ಕಾ?" ತಸ್ಯಾ! ಚಿಕ್ಕಮ್ಮನ ಮಗಳು, ರಷ್ಯಾದ ದಡದವಳು. ಗಡಿ ಮುಚ್ಚಿದಾಗಿನಿಂದ ಅವಳ ಮುಖ ನೋಡಿಲ್ಲ.

"ಭಾವ, ಅವ್ರ ತಮ್ಮ ಇಬ್ರೂ ನಮ್ಮನೇಲಿದಾರೆ. ಎಂಜಿನ್ ಕೆಟ್ಟು ತೇಲ್ತಿದ್ರು, ನಮ್ಮೋರು ಎಳ್ಕೊಂಡು ಬಂದ್ರು. ತಿಂದು ತಿಂದು ನನ್ನ ಪಾತ್ರೆ ಖಾಲಿ ಮಾಡಿದಾರೆ."

"ಸೈನಿಕರು?"

"ಬಂದ್ರಲ್ಲ. ಕಮಾಂಡರು ಒಳಗೆ ಬಂದೋನೇ ಕೂಗಾಡ್ದ. ನಾನಂದೆ, ಅಪ್ಪಾ, ದೋಣಿಯೋರು ಇನ್ನೂ ಮನೆ ಸೇರಿಲ್ಲ, ಯಾರೂ ದನಿ ಎತ್ತೋ ಹಾಗಿಲ್ಲ. ಈಗ ಟೀ ಕುಡೀತಾ ಪಿಸುಪಿಸು ಅಂತ ವಿಚಾರಣೆ ಮಾಡ್ತಿದಾನೆ."

ನಗುತ್ತಲೇ ಅತ್ತುಬಿಟ್ಟೆ. "ಬಿಡ್ತಾನಂತಾ?"

"ಮೇಲಿಂದ ಹುಕುಂ ಬರ್ಬೇಕಂತೆ. ನೀನು ಸುಮ್ನಿರಕ್ಕಾ. ನಾನೂ ಸುಮ್ನಿರ್ತೀನಿ."

ಮೇ 19
ಹುಕುಂ ಇಲ್ಲ. ಟೀವಿಯಲ್ಲಿ ಎರಡೂ ದೇಶದ ದೊಡ್ಡ ಮನುಷ್ಯರು ಉತ್ತರದ ಕಡಲು ನಮ್ಮದು, ನಮ್ಮದು ಅಂತ ಅರಚುತ್ತಿದ್ದರು. ಅತ್ತೆ ಮೆಲ್ಲಗೆ ಎದ್ದು ಆರಿಸಿದರು. "ದೋಣಿ ಹೊರಗಿದೆ ಅಂತ ಗೊತ್ತಿಲ್ವಾ ಇವರಿಗೆ?"

ರಾತ್ರಿ ನನ್ನ ಪಕ್ಕದಲ್ಲೇ ಮಲಗಿದರು. ಕೈ ಬಿಡಲಿಲ್ಲ.

ಮೇ 23, ಮಧ್ಯಾಹ್ನ
ವೈರ್‌ಲೆಸ್‌ನಲ್ಲಿ ತಸ್ಯಾ — "ಬಿಟ್ರು ಅಕ್ಕಾ! ಗಡಿವರೆಗೂ ಆ ಕಮಾಂಡರೇ ಬರ್ತಾನಂತೆ, ಅಲ್ಲಿಂದ ನಿಮ್ಮೋರ ಹಡಗು. ಭಾವನ್ನ ಬೈಯೋವಾಗ ನನ್ನ ಪಾಲಿಂದೂ ಸೇರ್ಸಿ ಬೈಯಿ."

ಸಂಜೆ
ಅಡುಗೆ ಆಯಿತು. ಕೂತರೆ ಕೂರಲಾಗದು, ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟೂ ದಿನ ನುಂಗಿದ ಬೈಗುಳ ಸಿದ್ಧವಾಗಿದೆ. ಮೊದಲನೆಯದು ಗಡಿಯ ಬಗ್ಗೆ. ಎರಡನೆಯದು ಎಂಜಿನ್. ಮೂರನೆಯದು...

ಅತ್ತೆ ಕಿಟಕಿಯಿಂದ ಕೂಗಿದರು. ಗಂಟಲು ಹರಿಯುವ ಹಾಗೆ. "ಪಾನಿಕಾ! ದೋಣಿ ದಡ ಮುಟ್ತು ಕಣೇ! ಈಗ ಬೈಯೇ, ಚೆನ್ನಾಗಿ ಬೈಯಿ ಅವನನ್ನ!"

ಒಂದೂ ನೆನಪಾಗುತ್ತಿಲ್ಲ. ಹೊಸ್ತಿಲಲ್ಲಿ ಇವರ ಬೂಟಿನ —