ಜೇನಿಗೆ ಹೇಳಿದ ಹೆಸರು

ಕನೆಕ್ಟಿಕಟ್, ಹೊಳೆದಂಡೆಯ ಹೊಲಮನೆ
ಅಕ್ಟೋಬರ್ ೧೯, ೧೭೯೯

ಪ್ರೀತಿಯ ಡಾರ್ಕಸ್,

ಈ ಕಥೆಯನ್ನು ಮೊದಲು ಹೇಳಿದವಳು ನಿನ್ನ ಅವ್ವ ಜಿಲ್ಪಾ. ಹೇಳಿದ್ದು ಮೊನ್ನೆ ಬುಧವಾರ, ನಮ್ಮ ಅಮ್ಮ ಕೆಜಾಯಾಳನ್ನು ಮಣ್ಣು ಮಾಡಿ ಬಂದ ಸಂಜೆ. ಹೌದು, ಅಮ್ಮ ಹೋದಳು. ಜ್ವರ ಬಂದ ವಾರದಲ್ಲೇ. ಸುದ್ದಿಯನ್ನು ಹೀಗೆ ಒರಟಾಗಿ ತಿಳಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿನ್ನನ್ನು ಏನೆಂದು ಕರೆದು ಬರೆಯಲಿ ಎಂದು ಯೋಚಿಸಿ ಯೋಚಿಸಿ ಹಾಳೆಗಳನ್ನು ಕೆಡಿಸಿದ್ದೇನೆ. ಸದ್ಯಕ್ಕೆ ಹೆಸರೇ ಇರಲಿ. ಕಾಗದ ಮುಗಿಯುವ ಹೊತ್ತಿಗೆ ಸರಿಯಾದದ್ದು ಕೈಗೆ ಬಂದೀತು.

ಅಂದು ಮಧ್ಯಾಹ್ನ ಅಮ್ಮನ ಉಯಿಲು ಓದಿದರು. ಮನೆ, ತೋಟ ಅಣ್ಣ ಆಸೆಲನಿಗೆ. ನನಗೆ ಜೇನುಬುಟ್ಟಿಗಳು, ತಾಮ್ರದ ಹಂಡೆ, ಮತ್ತು ಜಿಲ್ಪಾ. ಹೀಗೆ ಒಂದೇ ಉಸಿರಿನಲ್ಲಿ. ನಿನ್ನ ಹತ್ತಿರ ಮುಚ್ಚಿಡುವುದೇಕೆ, ಅದನ್ನು ಕೇಳಿದಾಗ ನನಗೆ ಮೊದಲು ಹೊಳೆದದ್ದು, ಸದ್ಯ, ಮದುವೆಯಾದ ಮೇಲೂ ನಾನೇ ರೊಟ್ಟಿ ಸುಡುವ ಚಿಂತೆ ಇಲ್ಲ ಎಂದು.

ಸಂಜೆ ಅಡುಗೆಮನೆಯಲ್ಲಿ ನಾನು, ಆಸೆಲ್, ಜಿಲ್ಪಾ ಮೂವರೂ ಒಣಗಿಸುವ ಸೇಬು ಹೆಚ್ಚುತ್ತಾ ಕೂತಿದ್ದೆವು. ಸಾವಿನ ಗಡಿಬಿಡಿಯಲ್ಲಿ ಜೇನಿಗೆ ಹೇಳುವುದು ಉಳಿದುಹೋಗಿತ್ತು. ಮನೆಯಲ್ಲಿ ಯಾರಾದರೂ ಸತ್ತರೆ ಬಾಗಿಲ ಬೀಗದಕೈಯಿಂದ ಬುಟ್ಟಿ ತಟ್ಟಿ, ಹೋದವರು ಯಾರು, ಉಳಿದ ರಕ್ತಸಂಬಂಧಿಗಳು ಯಾರು, ಮುಂದಿನ ಒಡೆಯರು ಯಾರು ಎಂದು ಜೇನಿಗೆ ತಿಳಿಸಬೇಕು. ಸುಳ್ಳು ಹೇಳಿದರೆ ಅವು ಎದ್ದುಹೋಗುತ್ತವೆ. ಇದನ್ನು ನನಗೆ ಚಿಕ್ಕಂದಿನಲ್ಲಿ ಕಲಿಸಿದವಳು ನೀನೇ ಅಲ್ಲವೇ?

ಆಸೆಲ್ ಬೀಗದಕೈಯನ್ನು ಮೇಜಿನ ಮೇಲೆ ನೂಕಿ, "ಜಿಲ್ಪಾ, ಬೆಳಿಗ್ಗೆ ಎದ್ದವಳೇ ಜೇನಿಗೆ ಹೇಳ್ಬಿಡು," ಎಂದ.

ಜಿಲ್ಪಾ ಬೀಗದಕೈಯನ್ನು ಮುಟ್ಟಲಿಲ್ಲ. "ಈ ಸಲ ನಾ ಹೇಳಾಕಿಲ್ಲ ಕಣಪ್ಪ. ನಿಮ್ಮಜ್ಜ ಸತ್ತಾಗ ನಾನೇ ಹೇಳಿದ್ದು. ನಿಮ್ಮಪ್ಪ ಸತ್ತಾಗ್ಲೂ ನಾನೇ. ಈಗ ನಿಮ್ಮ ಸರದಿ."

"ಯಾಕೆ, ಜೇನು ಕಂಡ್ರೆ ಈಗ ಭಯ ಬಂತಾ ನಿಂಗೆ?"

"ಭಯ ನಂಗಲ್ಲ, ನಿಂಗೆ ಬರ್ತದೆ. ಹೇಳಬೇಕಾದ್ದೇನು ಅಂತ ತಿಳಿದ ಮೇಲೆ."

ಆಮೇಲೆ ಸೇಬು ಹೆಚ್ಚುತ್ತಲೇ ಹೇಳಿದಳು. ಒಮ್ಮೆಯೂ ದನಿ ಏರಿಸಲಿಲ್ಲ.

ಅಜ್ಜ ಎಲಿಫಲೆಟ್ ತೀರಿಕೊಂಡಾಗ ನಿನಗೆ ನಾಲ್ಕು ವರ್ಷವಂತೆ, ಅಮ್ಮನಿಗೆ ಹದಿನೆಂಟು. ಉಯಿಲಿನಲ್ಲಿ ಅಮ್ಮನ ಅಣ್ಣ ಎನಾಸ್ ಮಾವನಿಗೆ ಹಣ, ಎತ್ತುಗಳು, ಜೊತೆಗೆ ಜಿಲ್ಪಾ. ಅಮ್ಮನಿಗೆ ಮನೆ, ತೋಟ, ಜೇನು, ಜೊತೆಗೆ ನೀನು. ಮಾವ ಉತ್ತರದ ಹೊಸ ಸೀಮೆಗೆ ಹೊರಟು ನಿಂತಿದ್ದ. ಜಿಲ್ಪಾ ಅವನ ಗಾಡಿಯ ಹಿಂದೆ ಹೋಗಬೇಕು, ನೀನು ಇಲ್ಲೇ ಉಳಿಯಬೇಕು. ಹಸುವನ್ನು ಒಬ್ಬರಿಗೆ, ಕರುವನ್ನು ಒಬ್ಬರಿಗೆ ಕೊಟ್ಟ ಹಾಗೆ.

ಮೇ ತಿಂಗಳು. ಸೇಬಿನ ಹೂವು ಉದುರುತ್ತಿತ್ತು. ಹಂಚಿಕೆಯ ಜಗಳದಲ್ಲಿ ಜೇನಿಗೆ ಹೇಳುವುದನ್ನು ಎಲ್ಲರೂ ಮರೆತಿದ್ದರು. ಬುಟ್ಟಿಗಳಲ್ಲಿ ಮೊರೆತ ಎದ್ದಾಗ ಮಾವ ಬೆದರಿ ಜಿಲ್ಪಾಳನ್ನು ಕಳಿಸಿದ. ಅವಳು ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋಗಿ ಬುಟ್ಟಿ ತಟ್ಟಿದಳು. ಅಣ್ಣ ತಂಗಿ ಬೇಲಿಯ ಹತ್ತಿರ ನಿಂತಿದ್ದರು.

"ನಿಮ್ಮ ಧಣಿ ಹೋದ. ಮಕ್ಕಳಿಬ್ಬರು, ಎನಾಸ, ಕೆಜಾಯಾ," ಎಂದಳು. ಮೊರೆತ ಹೆಚ್ಚಾಯಿತು. ಇನ್ನೊಮ್ಮೆ ಹೇಳಿದಳು. ಬುಟ್ಟಿಯ ಬಾಯಲ್ಲಿ ಜೇನು ಕುದಿಯುವ ಗಂಜಿಯಂತೆ ಉಕ್ಕಿತು.

"ಆಗ ನಂಗನ್ನಿಸ್ತು," ಎಂದಳು ಜಿಲ್ಪಾ, "ಇಷ್ಟು ವರ್ಷ ಮನುಷ್ಯರ ಮುಂದೆ ಬಾಯಿ ಮುಚ್ಕೊಂಡಿದ್ದೆ. ಅವರ ಮುಂದೆ ಮುಚ್ಕೊಂಡ್ರೆ ಬದುಕು. ಇವುಗಳ ಮುಂದೆ ಯಾಕೆ?"

ನಿನ್ನನ್ನು ನೆಲಕ್ಕಿಳಿಸಿ ನಿನ್ನ ಅಂಗೈಯನ್ನು ಬುಟ್ಟಿಯ ಮೇಲಿಟ್ಟು ಹೇಳಿದಳಂತೆ: "ಮೂರು ಮಕ್ಕಳು. ಎನಾಸ, ಕೆಜಾಯಾ, ಡಾರ್ಕಸ್. ಈ ಕೂಸೂ ಧಣಿದೇ. ನನ್ನ ಯಾರೂ ಕೇಳಲಿಲ್ಲ. ಕೇಳದೆ ಬಂದ ಕೂಸು, ಆದರೂ ನಂದು."

ಒಂದು ಬುಟ್ಟಿಯ ಜೇನೆಲ್ಲ ಎದ್ದಿತು. ಬೇಲಿಯ ಮೇಲಿದ್ದ ಬಿಸಿಲು ಕಂದಿತಂತೆ. ಅದು ಮರಕ್ಕೆ ಹೋಗಲಿಲ್ಲ, ಆಕಾಶಕ್ಕೆ ಹೋಗಲಿಲ್ಲ, ನಿನ್ನ ಕೈಯ ಮೇಲೆ ಇಳಿಯಿತು. ಬೆರಳಿನಿಂದ ಹೆಗಲವರೆಗೆ, ಕಂದು ಉಣ್ಣೆಯ ತೋಳು ತೊಡಿಸಿದ ಹಾಗೆ. ಜಿಲ್ಪಾ ಉಸಿರು ಬಿಡದೆ, "ಅಲ್ಲಾಡಬೇಡ ಕಂದಾ, ನಿನ್ನ ನೋಡೋಕೆ ಬಂದವ್ರೆ," ಎಂದಳು. ನೀನು ಅಲ್ಲಾಡಲಿಲ್ಲ. ಕಚಗುಳಿ ಎಂದು ನಕ್ಕೆಯಂತೆ.

ಎನಾಸ್ ಮಾವ ಟೋಪಿ ತೆಗೆದು ಎದೆಗೊತ್ತಿಕೊಂಡ. ಅಮ್ಮ ಹುಲ್ಲಿನ ಮೇಲೆ ಕುಸಿದಳು. ನೀನು ಮಾತ್ರ ಕೈ ಚಾಚಿಕೊಂಡು, ಭಾರವಾದ ಉಡುಗೊರೆ ಹಿಡಿದವಳಂತೆ ನಿಂತಿದ್ದೆ. ಆಮೇಲೆ ಜಿಲ್ಪಾ ಖಾಲಿ ಬುಟ್ಟಿ ತಂದು ಅವನ್ನೆಲ್ಲ ಮೆಲ್ಲಗೆ ಇಳಿಸಿದಳು. ನಿನ್ನ ಕೈಯಲ್ಲಿ ಒಂದು ಮುಳ್ಳೂ ಇರಲಿಲ್ಲ.

ಆ ಮಧ್ಯಾಹ್ನವೇ ಮಾವ ಜಿಲ್ಪಾಳನ್ನು ಬಿಟ್ಟು ಹೊರಟ. ಅಮ್ಮ ಜಿಲ್ಪಾಳ ಕೈ ಹಿಡಿದು ಒಂದು ಮಾತು ಕೊಟ್ಟು ಒಂದು ಮಾತು ತೆಗೆದುಕೊಂಡಳು: ನಿಮ್ಮಿಬ್ಬರನ್ನು ಅಗಲಿಸುವುದಿಲ್ಲ, ನಾನು ಬದುಕಿರುವ ತನಕ ಈ ಮಾತು ಮಗುವಿಗೂ ತಿಳಿಯಬಾರದು. ಜಿಲ್ಪಾ ಒಪ್ಪಿದಳು. ಹಾಗೆ ನೀನು ನಿನ್ನ ಅಕ್ಕನ ಮೇಜಿಗೆ ಬಡಿಸುತ್ತಾ ಬೆಳೆದೆ. ನೀನು ಹಗ್ಗ ಹೊಸೆಯುವ ಪ್ರೈಮಸ್‌ನನ್ನು ಮದುವೆಯಾದಾಗ ಅಮ್ಮ ಗುಲಾಮಗಿರಿಯಿಂದ ಬಿಡುಗಡೆಯ ಕಾಗದ ಕೊಟ್ಟಳಲ್ಲ, ಎಂಥ ದೊಡ್ಡ ಮನಸ್ಸು ಎಂದು ಊರು ಹೊಗಳಿತು. ಹೊಗಳಿಕೆ ಶುರುವಾದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ನಾಚಿಕೆಯ ಸ್ವಭಾವ ಎಂದುಕೊಂಡಿದ್ದೆ.

ಆಸೆಲ್ ಕೆಂಪಾಗಿ, "ಅಮ್ಮನ್ನ ಮಣ್ಣಿಗಿಟ್ಟ ದಿನವೇ ಕಥೆ ಕಟ್ತೀಯಾ?" ಎಂದು ಗದರಿದ.

"ಕಥೆ ಆದ್ರೆ ನಾಳೆ ನಿನ್ನ ಇಷ್ಟದಂತೆ ಹೇಳಪ್ಪ. ಬೀಗದಕೈ ಅಲ್ಲೇ ಐತೆ. ಜೇನೂ ಅಲ್ಲೇ ಐತೆ," ಎಂದು ಜಿಲ್ಪಾ ಸೇಬಿನ ತಟ್ಟೆ ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ನಾವು ಮಾಡಿದ್ದಿಷ್ಟು. ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿತ್ತು. ಆಸೆಲ್ ತಾನೇ ಬೀಗದಕೈ ತೆಗೆದುಕೊಂಡು ಹೋಗಿ ಬುಟ್ಟಿ ತಟ್ಟಿದ. "ಕೆಜಾಯಾ ಹೋದಳು. ಉಳಿದವರು ಮಗ ಆಸೆಲ್, ಮಗಳು ರೋಡಾ," ಎಂದು ನಿಂತ. ಕಿವಿಯ ತುದಿ ಚಳಿಗೆ ಕೆಂಪಾಗಿತ್ತು. ಆಮೇಲೆ, ಯಾರನ್ನೂ ನೋಡದೆ, "ಅವಳ ತಂಗಿ, ಡಾರ್ಕಸ್," ಎಂದ.

ನಾನು ಹುಲ್ಲಿನ ಬುಟ್ಟಿಗೆ ಕಿವಿ ಹಚ್ಚಿದೆ. ಒಳಗೆ, ತುಂಬ ಆಳದಲ್ಲಿ, ಚರ್ಚಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡಂಥ ಸದ್ದು. ನನ್ನ ಮೈಮೇಲಿನ ಕೂದಲು ಎದ್ದು ನಿಂತವು. ಇನ್ನೂ ಕೂತಿಲ್ಲ ಎನ್ನಿಸುತ್ತದೆ.

ಒಡೆಯರ ಹೆಸರು ಹೇಳುವುದು ನನ್ನ ಪಾಲಿಗಿತ್ತು. "ಇನ್ನು ನೀವು ರೋಡಾಳವು," ಎಂದೆ. "ಜಿಲ್ಪಾ ಯಾರವಳೂ ಅಲ್ಲ."

ಹಿಂದಿನಿಂದ ಜಿಲ್ಪಾ ನನ್ನ ಹೆಗಲು ಮುಟ್ಟಿದಳು. "ಯಾರವಳೂ ಅಲ್ಲ ಅನ್ನಬೇಡ ಮಗಾ. ಡಾರ್ಕಸಳ ಅವ್ವ ಅನ್ನು. ಅವುಕ್ಕೆ ಸುಳ್ಳು ಹೇಳಬಾರದು."

ಹಾಗೇ ಹೇಳಿದೆ.

ಇಂತು, ನಿಮ್ಮ ಅಕ್ಕನ ಮಗಳು,
ರೋಡಾ

ಮರೆತೆ, ಚಿಕ್ಕಮ್ಮ: ಈ ಕಾಗದವನ್ನು ನಿಮ್ಮ ಕೈಗೆ ಕೊಟ್ಟವರ ಮುಖ ನೋಡಿದಿರಿ ತಾನೆ? ಅವರನ್ನು ಇನ್ನೂ ಬಾಗಿಲಲ್ಲೇ ನಿಲ್ಲಿಸಿದ್ದರೆ ಒಳಗೆ ಕರೆಯಿರಿ. ಬಿಡುಗಡೆಯ ಕಾಗದ ಅವರ ಮಡಿಲಲ್ಲಿದೆ. ತೋಟದ ಹುಟ್ಟುವಳಿಯಲ್ಲಿ ನಿಮ್ಮ ಪಾಲನ್ನು ಆಸೆಲ್ ಪ್ರತಿ ವರ್ಷ ತಾನೇ ತಂದುಕೊಡುತ್ತೇನೆ ಎಂದಿದ್ದಾನೆ. ಬಟ್ಟೆ ಕಟ್ಟಿದ ಬುಟ್ಟಿಯನ್ನು ಮಾತ್ರ ಮೆಲ್ಲಗೆ ಇಳಿಸಿಕೊಳ್ಳಿ. ಅಂದು ನಿಮ್ಮ ಕೈಯ ಮೇಲೆ ಇಳಿದ ಜೇನಿನ ಸಂತತಿಯೇ ಅದು. ಅವ್ವ ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡೇ ಬಂದಿರುತ್ತಾರೆ. ನನ್ನಿಂದ ಕೈದಾಟಿದ ಮೇಲೆ ಹೊಸ ಒಡತಿ ಯಾರೆಂದು ನಾವು ಅವಕ್ಕೆ ಇನ್ನೂ ಹೇಳಿಲ್ಲ. ಅದನ್ನು ನೀವೇ ಹೇಳಬೇಕು.