ಎಲೆ ಹಿಸುಕುವ ಹೊತ್ತು

ಮಂಗಳವಾರ, ೧೪

ಈ ಮನೆಗೆ ನಾನೇ ಹಿರಿಯಳು. ಮೂವರು ಸೊಸೆಯರೂ ನನ್ನ ಮುಖ ನೋಡಿಯೇ ಒಲೆ ಹಚ್ಚುತ್ತಾರೆ. ಅಂಥವಳು ಇವತ್ತು ನನ್ನದೇ ಕೋಣೆಯ ಬಾಗಿಲ ಹಿಂದೆ ಕಳ್ಳಿಯಂತೆ ನಿಂತಿದ್ದೆ.

ಯಜಮಾನರಿಗೆ ಮರೆವು ಹಿಡಿದು ಎರಡು ವರ್ಷವಾಯಿತು. ನನ್ನನ್ನು ಕಂಡರೆ "ಯಾರಮ್ಮಾ ನೀನು?" ಎನ್ನುತ್ತಾರೆ. ನಾಟಿ ಔಷಧಿಯವಳು ಬಂದರೆ ಮಾತ್ರ ಮುಖ ಅರಳುತ್ತದೆ. ನಾನು ಅರೆದುಕೊಟ್ಟ ರಸವನ್ನು ಉಗಿಯುವವರು ಅವಳ ಕೈಯಿಂದ ಗಟಗಟ ಕುಡಿಯುತ್ತಾರೆ. ಬರೆಯಲು ನಾಚಿಕೆ, ಆದರೂ ಹೊಟ್ಟೆ ಉರಿಯುವುದು ನಿಜ. ಇವತ್ತು ಅವಳನ್ನು ಬಿಡಿಸಿಬಿಡಬೇಕೆಂದೇ ಹೋಗಿದ್ದೆ.

ರಸ ಕೊಡುವ ಮೊದಲು ಅವಳು ಒಂದೆಲಗದ ಎಲೆಯನ್ನು ಅವರ ಅಂಗೈಯಲ್ಲೇ ಹಿಸುಕಿಸಿ ಮೂಸಿಸುತ್ತಾಳೆ.

"ಏನು ನೆನಪಾಯ್ತು, ಯಜಮಾನ್ರೇ?"

"ನನ್ನ ಹೆಂಡ್ತಿ ತಲೆಗೆ ಹಚ್ಚೋ ಎಣ್ಣೆ. ಭಾರಿ ಸಿಡುಕಿ ಕಣಮ್ಮ ಅವಳು. ಜಡೆ ಮುಟ್ಟಿದ್ರೆ ಕೈಗೇ ಹೊಡೀತಾಳೆ."

ಇಬ್ಬರೂ ನಕ್ಕರು. ನನ್ನ ಜಡೆಯ ಮಾತು ಅವಳ ಪಾಲಾಯಿತು, ನನಗೆ ಬಾಗಿಲ ಸಂದು.

ಹೊರಟವಳನ್ನು ತಡೆದು, "ನಾಳೆಯಿಂದ ಸಂಜೆಗೂ ಬಾ" ಎಂದೆ.

"ಗುಣ ಆಗತ್ತೆ ಅಂತ ಮಾತು ಕೊಡಲಾರೆ, ಅಮ್ಮಾವ್ರೇ."

"ನಾನು ಕೇಳಿದ್ನಾ?"

ಬಾಗಿಲ ಹಿಂದೆ ಒಂದು ಕುರ್ಚಿ ಹಾಕಿಸಿದ್ದೇನೆ.